ರದ್ದಿಗೆ ಹಾಕುವ ಮುನ್ನ ಬೀದಿ ನೋಡಿ

ಪರೀಕ್ಷೆ ಮುಗಿಯುತ್ತಿದ್ದಂತೆ ಬೀದಿಯಲ್ಲಿ ‘ಹಳೇ ಪೇಪರ್, ರದ್ದಿ ಪೇಪರ್’ ಎಂಬ ಕೂಗು ಜೋರಾಗುತ್ತೆ, ಗಮನಿಸಿದ್ದೀರಾ? ಏಪ್ರಿಲ್ ತಿಂಗಳು ರದ್ದಿಯವರಿಗೆ ಸುಗ್ಗಿ. ವರ್ಷವಿಡೀ ಮಕ್ಕಳ ಬೆನ್ನು ಬಾಗಿಸಿದ ಪುಸ್ತಕಗಳೆಲ್ಲ ಒಂದೇ ದಿನದಲ್ಲಿ ತಕ್ಕಡಿ ಏರುತ್ತವೆ. ಅಟ್ಟ ಖಾಲಿಯಾಯಿತಲ್ಲ ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಬಂದ ದುಡ್ಡಿನಲ್ಲಿ ಒಂದು ವಾರದ ತರಕಾರಿ ಬಂದರೆ ಹೆಚ್ಚು.

ಮೇ ಕೊನೆಯ ಹೊತ್ತಿಗೆ ಅದೇ ಬೀದಿಯ ಇನ್ನೊಬ್ಬ ತಾಯಿ ಅದೇ ಪುಸ್ತಕಗಳ ಪಟ್ಟಿ ಹಿಡಿದು ಅಂಗಡಿ ಮುಂದೆ ನಿಂತಿರುತ್ತಾಳೆ. ಫೀಸು, ಯೂನಿಫಾರ್ಮು, ಶೂ ಎಲ್ಲ ಮುಗಿಸಿ ಪರ್ಸಿನಲ್ಲಿ ಉಳಿದದ್ದೆಷ್ಟು ಎಂದು ಎಣಿಸುತ್ತಿರುತ್ತಾಳೆ. ಈ ಎರಡು ಮನೆಗಳ ನಡುವೆ ಇರೋದು ನಾಲ್ಕು ಕಾಂಪೌಂಡ್ ಗೋಡೆ, ಅಷ್ಟೇ. ಆದರೂ ಪುಸ್ತಕ ದಾಟಲಿಲ್ಲ. ಯಾಕೆ? ಕೊಡುವವರಿಗೆ ಯಾರಿಗೆ ಬೇಕೆಂದು ಗೊತ್ತಿಲ್ಲ, ಬೇಕಾದವರಿಗೆ ಕೇಳೋಕೆ ಸಂಕೋಚ.

ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ 1931ರಲ್ಲೇ ತಮ್ಮ ಐದು ಸೂತ್ರಗಳನ್ನು ಪ್ರಕಟಿಸಿದ್ದರು. ಪುಸ್ತಕ ಕಾಪಿಡುವುದಕ್ಕಲ್ಲ, ಬಳಸುವುದಕ್ಕೆ. ಅದನ್ನು ಬೇಕಾದವರ ಕೈಗೆ ಮುಟ್ಟಿಸಬೇಕು ಎಂಬುದೇ ಅವುಗಳ ತಿರುಳು. ಈ ಕೆಲಸಕ್ಕೆ ದೊಡ್ಡ ಕಟ್ಟಡವೇ ಬೇಕಾಗಿಲ್ಲ. ಯಾರ ಮನೆಯ ಮಗು ಯಾವ ಕ್ಲಾಸು, ಯಾರ ಮಗಳು ಪಿಯುಸಿಗೆ ಸೇರಿದಳು, ಯಾರ ಸೊಸೆ ಬಸುರಿ ಎಂಬುದೆಲ್ಲ ಬೀದಿಯ ಹೆಣ್ಮಕ್ಕಳಿಗೆ ಗೊತ್ತಿರುತ್ತೆ. ಆ ಮಾಹಿತಿಯನ್ನೇ ಪುಸ್ತಕಕ್ಕೂ ಬಳಸಿ ನೋಡಿ.

ಮೊದಲು ವಿಂಗಡಿಸಿ

ಎಲ್ಲ ಹಳೇ ಪುಸ್ತಕವೂ ಉಪಯೋಗಕ್ಕೆ ಬರುತ್ತೆ ಅನ್ನೋದು ತಪ್ಪು. ಪಠ್ಯಪುಸ್ತಕವಾದರೆ ಮೊದಲು ಮುದ್ರಣದ ವರ್ಷ ನೋಡಿ. ರಾಜ್ಯ ಪಠ್ಯದ ಕನ್ನಡ ಮತ್ತು ಸಮಾಜ ವಿಜ್ಞಾನ ಪುಸ್ತಕಗಳು 2022ರಲ್ಲಿ ಪರಿಷ್ಕರಣೆಯಾದವು, 2023ರಲ್ಲಿ ಕೆಲವು ಪಾಠಗಳು ಮತ್ತೆ ಬದಲಾದವು. ಎನ್‌ಸಿಇಆರ್‌ಟಿ 2024ರಲ್ಲಿ 3 ಮತ್ತು 6ನೇ ತರಗತಿಗೆ ಹೊಸ ಪುಸ್ತಕ ತಂದಿತು. ನೀಟ್ ಪಠ್ಯಕ್ರಮವೂ 2024ರ ಪರೀಕ್ಷೆಗೆ ಬದಲಾಯಿತು. ಹಳೇ ಪುಸ್ತಕ ನಂಬಿ ಓದಿದ ಮಗು ಪರೀಕ್ಷೆಯಲ್ಲಿ ಒದ್ದಾಡಬಾರದಲ್ವಾ? ಶಾಲೆಯಲ್ಲಿ ಒಂದು ಮಾತು ಕೇಳಿ, ಆಮೇಲೆ ಕೊಡಿ.

ಆರೋಗ್ಯ, ಕಾನೂನು, ತೆರಿಗೆ ಪುಸ್ತಕಗಳ ವಿಷಯದಲ್ಲೂ ಹುಷಾರು. ಮೂವತ್ತು ವರ್ಷ ಹಿಂದಿನ ಬಾಣಂತಿ ಆರೈಕೆಯ ಪುಸ್ತಕದಲ್ಲಿರುವ ಔಷಧಿ, ಲಸಿಕೆಗಳ ವಿವರ ಇಂದಿಗೆ ಹೊಂದುವುದಿಲ್ಲ. ಮಮತೆಯಿಂದ ಕೊಟ್ಟದ್ದೇ ಆದರೂ ಅಪಾಯವಾದೀತು.

ಆದರೆ ಹಳತಾಗದ ಪುಸ್ತಕಗಳೂ ಬೇಕಾದಷ್ಟಿವೆ. ನಿಘಂಟು, ವ್ಯಾಕರಣ, ಕಾದಂಬರಿ, ಮಕ್ಕಳ ಕಥೆ. ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ಯ ಸಂಪುಟಗಳು ನಿಮ್ಮ ಮನೆಯಲ್ಲಿದ್ದರೆ, ನಿಮ್ಮ ಮಕ್ಕಳು ಬೆಳೆದು ದೊಡ್ಡವರಾಗಿದ್ದರೆ, ಅವು ಕಪಾಟಿನಲ್ಲಿ ಯಾರಿಗಾಗಿ ಕಾಯುತ್ತಿವೆ ಹೇಳಿ?

ಬೂಷ್ಟು ಹಿಡಿದದ್ದು, ಗೆದ್ದಲು ತಿಂದದ್ದು, ಪುಟ ಹರಿದುಹೋದದ್ದು ಮಾತ್ರ ರದ್ದಿಗೇ ಹೋಗಲಿ. ಅದೂ ನೆನೆಯದಂತೆ, ಒಣ ಕಸದ ಜೊತೆ. ಕಾಗದವಾಗಿಯಾದರೂ ಮರುಹುಟ್ಟು ಪಡೆಯುತ್ತೆ.

ಕೊಡುವುದರಲ್ಲೂ ಒಂದು ರೀತಿ ಇದೆ

ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಎಸ್ಸೆಸ್ಸೆಲ್ಸಿವರೆಗೆ ಪಠ್ಯಪುಸ್ತಕ ಉಚಿತವಾಗಿ ಸಿಗುತ್ತೆ. ಕಷ್ಟ ಶುರುವಾಗೋದು ಆಮೇಲೆ. ಪಿಯುಸಿಗೆ ಕಾಲಿಟ್ಟೊಡನೆ ಪಠ್ಯ, ಗೈಡು, ಸಿಇಟಿ ಪುಸ್ತಕ ಎಂದು ಖರ್ಚಿನ ಪಟ್ಟಿ ಬೆಳೆಯುತ್ತೆ. ‘ಹುಡುಗಿ ಓದಿದ್ದು ಸಾಕು’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಹುಟ್ಟುವುದೂ ಆಗಲೇ. ನಿಮ್ಮ ಮಗ ಬಳಸಿಟ್ಟ ವಿಜ್ಞಾನ ಪುಸ್ತಕಗಳ ಒಂದು ಕಟ್ಟು ಆ ಮಾತನ್ನು ಪೂರ್ತಿ ನಿಲ್ಲಿಸಲಿಕ್ಕಿಲ್ಲ. ಆದರೆ ‘ಪುಸ್ತಕಕ್ಕೆ ದುಡ್ಡಿಲ್ಲ’ ಎಂಬ ಒಂದು ನೆಪವನ್ನಂತೂ ಕಿತ್ತುಹಾಕುತ್ತೆ.

ಮನೆಗೆಲಸಕ್ಕೆ ಬರುವಾಕೆಯ ಮಗಳಿಗೆ ಕೊಡುತ್ತೀರಾ? ಕೊಡಿ, ಆದರೆ ಹಳೇ ಪಾತ್ರೆ ಕೊಟ್ಟಂತೆ ಹಿತ್ತಲ ಬಾಗಿಲಲ್ಲಿ ರಾಶಿ ಹಾಕಬೇಡಿ. ಧೂಳು ಒರೆಸಿ, ಪೆನ್ಸಿಲಿನಲ್ಲಿ ಬರೆದ ಉತ್ತರಗಳನ್ನು ಅಳಿಸಿ, ಹೊಸ ಬೈಂಡು ಹಾಕಿ ಕೊಡಿ. ‘ಇದರಲ್ಲಿ ನಿನಗೆ ಯಾವುದು ಬೇಕಮ್ಮ?’ ಅಂತ ಆ ಹುಡುಗಿಯನ್ನೇ ಕೇಳಿ. ಆರಿಸಿಕೊಳ್ಳುವ ಅವಕಾಶ ಸಿಕ್ಕರೆ ಪಡೆಯುವವಳ ತಲೆ ತಗ್ಗುವುದಿಲ್ಲ.

ಇನ್ನು ನಮ್ಮ ಮನೆಯೊಳಗಿನ ಮಾತು. ಉಳಿತಾಯ ಎಂದಾಗೆಲ್ಲ ಅಕ್ಕನಿಗೆ ಹಳೇ ಪುಸ್ತಕ, ತಮ್ಮನಿಗೆ ಹೊಸದು ಅಂತ ಆಗುತ್ತಿದೆಯಾ? ನೋಡಿಕೊಳ್ಳಿ. ಹಳೇದು ಇಬ್ಬರಿಗೂ ಹಳೇದು, ಹೊಸದು ಇಬ್ಬರಿಗೂ ಹೊಸದು. ಮಗಳು ಬಾಯಿಬಿಟ್ಟು ಹೇಳದೆ ಇರಬಹುದು, ಆದರೆ ಲೆಕ್ಕ ಅವಳ ಮನಸ್ಸಿನಲ್ಲಿ ಇದ್ದೇ ಇರುತ್ತೆ.

ಕೊಟ್ಟದ್ದು ವಾಪಸ್ ಬರಲ್ಲ ಅಂತೀರಾ?

ಪರರ ಕೈಗೆ ಹೋದ ಪುಸ್ತಕ, ಹೆಣ್ಣು, ಹಣ ಮೂರೂ ಹೋದಂತೆಯೇ ಎಂಬರ್ಥದ ಸಂಸ್ಕೃತ ಸುಭಾಷಿತವೊಂದನ್ನು ಹಿರಿಯರು ಹೇಳುವುದುಂಟು. ಹೆಣ್ಣನ್ನು ಹಣದ ಗಂಟಿನ ಜೊತೆ ಎಣಿಸಿದ ಆ ಲೆಕ್ಕವನ್ನು ನಾವು ಎಂದೋ ಬಿಟ್ಟಾಯಿತು. ಪುಸ್ತಕದ ಮೇಲಿನ ಅನುಮಾನವನ್ನೂ ಬಿಡೋಣ.

ಜಗಳಗಳಾಗೋದು ಒಂದೇ ಕಾರಣಕ್ಕೆ. ಕೊಟ್ಟವರು ‘ಎರವಲು’ ಅಂದುಕೊಂಡಿರುತ್ತಾರೆ, ಪಡೆದವರು ‘ಕೊಟ್ಟೇಬಿಟ್ಟರು’ ಅಂದುಕೊಂಡಿರುತ್ತಾರೆ. ಆದ್ದರಿಂದ ಕೊಡುವಾಗಲೇ ಬಾಯಿಬಿಟ್ಟು ಹೇಳಿ. ಓದಿ ವಾಪಸ್ ಕೊಡಬೇಕಾದ ಪುಸ್ತಕದ ಒಳಪುಟದಲ್ಲಿ ನಿಮ್ಮ ಹೆಸರು ಬರೆದಿಡಿ, ಒಂದು ನೋಟ್‌ಬುಕ್‌ನಲ್ಲಿ ಪಡೆದವರ ಹೆಸರು, ತಾರೀಖು ಗುರುತು ಹಾಕಿ. ಪೂರ್ತಿ ಕೊಟ್ಟುಬಿಡುವ ಪುಸ್ತಕವಾದರೆ ‘ನಿಮ್ಮದು ಮುಗಿದ ಮೇಲೆ ಇನ್ನೊಬ್ಬರಿಗೆ ಕೊಡಿ’ ಎಂದು ಬರೆಯಿರಿ. ಅಜ್ಜಿಯ ಹಸ್ತಾಕ್ಷರವಿರುವ, ಕಳೆದರೆ ಕಣ್ಣೀರು ಬರುವಂಥ ಪುಸ್ತಕವನ್ನು ಕೊಡಲೇಬೇಡಿ. ಹಾಗಂತ ಮುಲಾಜಿಲ್ಲದೆ ಹೇಳಿ, ಅದರಲ್ಲಿ ತಪ್ಪೇನಿಲ್ಲ.

ಬೀದಿಗೊಂದು ಕಪಾಟು

ಒಂದು ಕಾಲಕ್ಕೆ ಬಾಡಿಗೆ ಲೈಬ್ರರಿಯಿಂದ ತಂದ ತ್ರಿವೇಣಿಯವರದೋ ಎಂ.ಕೆ. ಇಂದಿರಾ ಅವರದೋ ಕಾದಂಬರಿಯನ್ನು ವಠಾರದ ನಾಲ್ಕು ಮನೆಯವರು ಓದಿ ಮುಗಿಸುತ್ತಿದ್ದರು. ಸಂಜೆ ಹೂ ಕಟ್ಟುತ್ತಾ ಅದರದೇ ಚರ್ಚೆ. ಆ ಅಭ್ಯಾಸವನ್ನು ಮತ್ತೆ ಶುರು ಮಾಡುವುದು ಕಷ್ಟವೇನಲ್ಲ. ಐದಾರು ಮನೆಯವರು ಸೇರಿದರೆ ಸಾಕು. ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗೋ, ಯಾರದಾದರೂ ಮನೆಯ ಜಗುಲಿಯಲ್ಲೋ, ಸ್ತ್ರೀಶಕ್ತಿ ಸಂಘದ ಕೋಣೆಯಲ್ಲೋ ಒಂದು ಹಳೇ ಕಪಾಟು ಇಡಿ. ಮಳೆ ನೀರು ತಾಗದ ಜಾಗವಾಗಿರಲಿ, ಗೋಡೆಗೆ ಒತ್ತಿ ಇಡಬೇಡಿ. ತಿಂಗಳಿಗೊಮ್ಮೆ ಪುಸ್ತಕಗಳನ್ನು ಹೊರತೆಗೆದು ಒದರಿ, ನೆರಳಿನಲ್ಲಿ ಗಾಳಿಗೆ ಬಿಡಿ. ನುಸಿಗುಳಿಗೆ ಹಾಕಿದರೆ ಪುಟ್ಟ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಹರಿದ ಪುಟಕ್ಕೆ ಸೆಲ್ಲೋ ಟೇಪ್ ಬೇಡ, ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದವನ್ನೂ ಕೆಡಿಸುತ್ತೆ. ತೆಳು ಕಾಗದದ ಪಟ್ಟಿಗೆ ಗೋಂದು ಹಚ್ಚಿ ಅಂಟಿಸಿ.

ಜವಾಬ್ದಾರಿ ಒಬ್ಬರ ತಲೆಗೇ ಬೀಳದಿರಲಿ, ಸರದಿ ಹಾಕಿಕೊಳ್ಳಿ. ಪಠ್ಯಪುಸ್ತಕದ ವಿನಿಮಯಕ್ಕೆ ಏಪ್ರಿಲ್ ಕೊನೆಯ ಭಾನುವಾರ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಗುಡ್ ಮಾರ್ನಿಂಗ್’ ಹೂವಿನ ಬದಲು ಒಂದು ದಿನ ಪುಸ್ತಕಗಳ ಪಟ್ಟಿ ಹಾಕಿ ನೋಡಿ.

ಇದೆಲ್ಲ ಆಗುವ ಮಾತಾ ಅನ್ನಬೇಡಿ. ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬ ಕೂಲಿ ಕಾರ್ಮಿಕರು ತಮ್ಮ ಕೈಲಾದಷ್ಟು ಮಾಡಿ ಜನರಿಗಾಗಿ ಗ್ರಂಥಾಲಯ ನಡೆಸುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಅದಕ್ಕೆ ಬೆಂಕಿ ಬಿದ್ದು ಸುಮಾರು 11 ಸಾವಿರ ಪುಸ್ತಕ ಸುಟ್ಟುಹೋದಾಗ ನಾನಾ ಕಡೆಯಿಂದ ಜನ ಅವರಿಗೆ ಪುಸ್ತಕ, ಹಣ ಕಳಿಸಿದರು. ಮಂಡ್ಯ ಜಿಲ್ಲೆ ಪಾಂಡವಪುರ ಬಳಿಯ ಹರಳಹಳ್ಳಿಯಲ್ಲಿ ಒಂದು ಕಾಲಕ್ಕೆ ಬಸ್ ಕಂಡಕ್ಟರ್ ಆಗಿದ್ದ ಅಂಕೇಗೌಡರು ಲಕ್ಷಗಟ್ಟಲೆ ಪುಸ್ತಕ ಕೂಡಿಸಿ ಊರವರಿಗೆ ಬಾಗಿಲು ತೆರೆದಿಟ್ಟರು. ಇವರಿಬ್ಬರೂ ಶ್ರೀಮಂತರಲ್ಲ.

ನಿಮ್ಮ ಬೀದಿಯಲ್ಲಿ ಜಾಗವೇ ಇಲ್ಲ ಅಂದರೆ ಗ್ರಾಮ ಪಂಚಾಯ್ತಿ ಗ್ರಂಥಾಲಯ, ಅಂದರೆ ಈಗಿನ ‘ಅರಿವು ಕೇಂದ್ರ’ಕ್ಕೆ ಹೋಗಿ ವಿಚಾರಿಸಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಹಳ್ಳಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ‘ಪುಸ್ತಕ ಜೋಳಿಗೆ’ ಎಂಬ ಹೆಸರಿನಲ್ಲಿ ಜನರಿಂದ ಪುಸ್ತಕ ಸಂಗ್ರಹಿಸಿದ್ದೂ ಉಂಟು. ತವರಿಗೆ ಹೋಗುವಾಗ ಮಕ್ಕಳ ಕಥೆಪುಸ್ತಕದ ಒಂದು ಚೀಲ ಜೊತೆಗಿರಲಿ.

ಕೊನೆಗೊಂದು ಮಾತು. ಬರೀ ಮಕ್ಕಳಿಗಾಗಿ ಮಾಡಿ ಸುಮ್ಮನಾಗಬೇಡಿ. ಮದುವೆಯಾದ ಮೇಲೆ ಓದು ಬಿಟ್ಟ ಎಷ್ಟು ಜನ ನಿಮ್ಮ ಬೀದಿಯಲ್ಲಿದ್ದಾರೆ, ಯೋಚಿಸಿ. ಬಹುಶಃ ನೀವೂ ಅವರಲ್ಲಿ ಒಬ್ಬರು. ಆ ಕಪಾಟಿನಿಂದ ನಿಮಗಾಗಿಯೂ ಒಂದು ಪುಸ್ತಕ ಮನೆಗೆ ತನ್ನಿ. ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿದ ಮೇಲೆ ಹತ್ತು ಪುಟ ಓದಿ. ನಾಳೆ ಅದನ್ನು ಪಕ್ಕದ ಮನೆಯಾಕೆಗೆ ಕೊಡುವಾಗ ಮಾತಾಡಲು ನಿಮ್ಮಿಬ್ಬರಿಗೂ ಒಂದು ಹೊಸ ವಿಷಯ ಸಿಕ್ಕಿರುತ್ತೆ.