ಟೀಮ್ ಒಂದು, ಕಾರು ಎರಡು: ದಾರಿ ಯಾರು ಬಿಡಬೇಕು?



ಹೋದ ಪೋಸ್ಟಿಗೆ ನಿಮ್ಮಲ್ಲೊಬ್ಬರು ಕೇಳಿದ್ದರು: "ಅಣ್ಣಾ, ಒಂದೇ ಟೀಮಿನಾಗ ಒಬ್ಬನಿಗೆ 'ದಾರಿ ಬಿಡು' ಅಂತ ರೇಡಿಯೋದಾಗ ಹೇಳೋದು ಮೋಸ ಅಲ್ಲೇನು?"

ಯಾವಾಗಲೂ ಅಲ್ಲ. ಆದರೆ ಸೀಸನ್ ಶುರುವಾಗುವ ಮೊದಲೇ ಒಬ್ಬನನ್ನ 'ನೀ ಎರಡನೆಯವ' ಅಂತ ಕೂರಿಸೋದು ಮೋಸಾನೇ.

ಲೆಕ್ಕ ನೋಡ್ರಿ. ಇಬ್ಬರ ಪಾಯಿಂಟ್ ಕೂಡಿಸಿ ಟೀಮಿನ ಸ್ಥಾನ, ಆ ಸ್ಥಾನಕ್ಕೆ ತಕ್ಕಂತೆ ದುಡ್ಡು. ಚಾಲಕರ ಪಟ್ಟ ಮಾತ್ರ ಒಬ್ಬನಿಗೆ. ಕಾರ ಹುಣ್ಣಿಮೆಗೆ ರಾಯಚೂರಿನಾಗ ಎತ್ತಿನ ಜೋಡಿ ಕಲ್ಲು ಎಳೆಯೋದು ನೋಡೀರಲ್ಲ? ಅಲ್ಲಿ ಗೆಲ್ಲೋದು ಜೋಡಿ. ಎಫ್‌ಒನ್‌ನಾಗ ನೊಗ ಒಂದೇ, ಹಾರ ಮಾತ್ರ ಒಂದೇ ಎತ್ತಿಗೆ.

ನಮ್ಮ ರಾಜ್ಯಕ್ಕೆ ನಂಟಿರೋ ಕಥೆ ತಗೋರಿ. 2017, ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ. ಕೆನಡಾದಲ್ಲಿ ಪೆರೆಜ್ ಮುಂದೆ, ಒಕಾನ್ ಹಿಂದೆ. ಒಕಾನ್ ಟೈರು ಹೊಸದು, ಮುಂದಿದ್ದ ರಿಕಾರ್ಡೋನ ಹಿಡಿಯಲು ಅವನಿಗೊಂದು ಅವಕಾಶ ಕೊಡು ಅಂತ ಟೀಮ್ ಕೇಳಿತು. ಪೆರೆಜ್ ಒಪ್ಪಲಿಲ್ಲ. ಹಿಂದಿನಿಂದ ವೆಟೆಲ್ ಬಂದು ಇಬ್ಬರನ್ನೂ ದಾಟಿ ಹೋದ. ಮುಂದೆ ಬಾಕುನಲ್ಲಿ ಇಬ್ಬರೂ ಡಿಕ್ಕಿ ಹೊಡಕೊಂಡರು. ಸ್ಪಾದಲ್ಲಂತೂ ಒಂದೇ ರೇಸಿನಲ್ಲಿ ಎರಡು ಸಲ! ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು. ಕೊನೆಗೆ ಟೀಮ್ ಇಬ್ಬರಿಗೂ ಕಡಿವಾಣ ಹಾಕಿತು. ಅದು ತಪ್ಪು ಅಂತ ನಾನಂತೂ ಹೇಳಲಾರೆ.

ತಪ್ಪು ಯಾವುದು ಅಂದ್ರೆ, 2002ರ ಆಸ್ಟ್ರಿಯಾ. ಅದು ಸೀಸನ್ನಿನ 6ನೇ ರೇಸು. ಮೊದಲ ಐದರಲ್ಲಿ ನಾಲ್ಕು ಗೆದ್ದಿದ್ದ ಶುಮಾಕರ್‌ಗಾಗಿ, ಮುಂದಿದ್ದ ಬ್ಯಾರಿಕೆಲ್ಲೋನ ಫೆರಾರಿ ಕೊನೇ ಗಳಿಗೆಯಲ್ಲಿ ನಿಧಾನ ಮಾಡಿಸಿತು. ಹೊಟ್ಟೆ ತುಂಬಿದವನಿಗೆ ಹಸಿದವನ ರೊಟ್ಟಿ! ಜನ ಛೀ ಅಂದರು. ಮರುವರ್ಷದಿಂದ ಇಂಥ ಆದೇಶಕ್ಕೆ ನಿಷೇಧ ಬಂತು, 2011ರಲ್ಲಿ ಅದು ಹೋಯಿತು.

"2007ರಾಗ ಮೆಕ್ಲಾರೆನ್ ಒಬ್ಬನನ್ನ ಆರಿಸಿದ್ರ ಪಟ್ಟ ಸಿಗ್ತಿತ್ತಲ್ಲ?" ಅಂತೀರಿ. ಖರೇ. ಹ್ಯಾಮಿಲ್ಟನ್ 109, ಅಲೊನ್ಸೊ 109, ರೈಕೊನೆನ್ 110. ಒಂದೇ ಪಾಯಿಂಟು! ಆದರೆ ಮೊದಲ ದಿನವೇ ಆರಿಸಿದ್ದರೆ ಯಾರನ್ನ ಆರಿಸ್ತಿದ್ದರು? ಎರಡು ಸಲ ಚಾಂಪಿಯನ್ ಆಗಿದ್ದ ಅಲೊನ್ಸೊನನ್ನೇ. ಆಗಷ್ಟೇ ಬಂದಿದ್ದ ಹ್ಯಾಮಿಲ್ಟನ್ ಎಂಥವ ಅಂತ ಯಾರಿಗೂ ಗೊತ್ತೇ ಆಗ್ತಿರಲಿಲ್ಲ. ಅವನೇ ಮರುವರ್ಷ ಚಾಂಪಿಯನ್ ಆದ.

ಇದು ನಮ್ಮ ಮನೆಗಳ ಮಾತೂ ಹೌದು. ಭತ್ತದ ದುಡ್ಡು ಒಬ್ಬನ ಫೀಸಿಗಷ್ಟೇ ಸಾಕಾಗೋ ವರ್ಷ ಬರ್ತದ. ಅಣ್ಣ ಧಾರವಾಡಕ್ಕೆ, ತಮ್ಮನ ಕೈಗೆ ಟ್ರ್ಯಾಕ್ಟರ್ ಕೀಲಿ. ನಮ್ಮನೆಯಾಗ ಕೀಲಿ ಸಿಕ್ಕಿದ್ದು ನನಗೆ. ಅಪ್ಪನ ಮೇಲೆ ಸಿಟ್ಟಿಲ್ಲ, ಆ ವರ್ಷ ಕಾಲುವೆ ನೀರೇ ನಮ್ಮ ಹೊಲ ಮುಟ್ಟಲಿಲ್ಲ. ಆದರೆ ಮುಂದೆ ಕೂಡಿಸಿಕೊಂಡು "ಈ ಸಲ ಅವನು, ಮುಂದಿನ ಸಲ ನೀನು" ಅಂತ ಒಂದು ಮಾತು ಹೇಳಿದ್ದರೆ? ಆ ಮಾತು ಇವತ್ತಿಗೂ ಬಾಕಿ ಐತಿ.

ಅದಕ್ಕೇ ನನಗೆ 2017ರ ಹಂಗೇರಿ ರೇಸು ಮರೆಯಲ್ಲ. ಬೊಟ್ಟಾಸ್ ದಾರಿ ಬಿಟ್ಟ. ಮುಂದಿನವರನ್ನ ದಾಟಲಾಗದ ಹ್ಯಾಮಿಲ್ಟನ್, ಕೊನೇ ತಿರುವಿನಲ್ಲಿ ಆ 3ನೇ ಸ್ಥಾನ ವಾಪಸ್ ಕೊಟ್ಟ. ಪಟ್ಟದ ಪೈಪೋಟಿ ನಡೆದಾಗಲೇ 3 ಪಾಯಿಂಟ್ ಬಿಟ್ಟುಕೊಟ್ಟ. ಆದರೂ ಆ ವರ್ಷ ಪಟ್ಟ ಅವನದೇ ಆಯಿತು.

ಆದೇಶ ಕೊಡ್ರಿ, ಬ್ಯಾಡ ಅನ್ನಂಗಿಲ್ಲ. ಇಬ್ಬರಿಗೂ ಮೊದಲು ಓಡಲು ಬಿಡ್ರಿ, ನಿಯಮ ಮುಂಚೇನೇ ಹೇಳ್ರಿ, ಪಡೆದದ್ದನ್ನ ತಿರುಗಿ ಕೊಡ್ರಿ.

ನಿಮ್ಮನೆಯಾಗ ದಾರಿ ಬಿಟ್ಟವರು ಯಾರು? ಕಮೆಂಟಿನಾಗ ಬರೀರಿ. ಅವರನ್ನ ಟ್ಯಾಗ್ ಮಾಡೋದು ಮರೀಬ್ಯಾಡ್ರಿ 🙏

#ಎಫ್‌ಒನ್‌ಕನ್ನಡ #ಸಿಂಧನೂರು #ಮಸ್ಕಿ #ಲಿಂಗಸುಗೂರು