ಡೋವರ್ ಊರಿನ ಮತದಾರರು

ಚುನಾವಣೆ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಲೋಕಸಭೆ, ವಿಧಾನಸಭೆ, ಬಹಳವಾದರೆ ಗ್ರಾಮಪಂಚಾಯಿತಿ. ಊರಿನ ಶಾಲೆಯನ್ನು ಯಾರು ನಡೆಸಬೇಕು, ಅಲ್ಲಿ ಮಕ್ಕಳಿಗೆ ಏನನ್ನು ಕಲಿಸಬೇಕು ಎಂಬುದನ್ನು ಮತಗಟ್ಟೆಗೆ ಹೋಗಿ ನಿರ್ಧರಿಸುವ ಪದ್ಧತಿ ನಮ್ಮಲ್ಲಿಲ್ಲ. ಅಮೆರಿಕದಲ್ಲಿ ಅದುಂಟು. ಅಲ್ಲಿಯ ಸಾರ್ವಜನಿಕ ಶಾಲೆಗಳು 'ಶಾಲಾ ಜಿಲ್ಲೆ'ಗಳೆಂಬ ಘಟಕಗಳಾಗಿ ವಿಂಗಡಣೆಗೊಂಡಿವೆ. ಜಿಲ್ಲೆಯೆಂದರೆ ನಮ್ಮ ಧಾರವಾಡ, ತುಮಕೂರುಗಳಂಥ ಜಿಲ್ಲೆಯಲ್ಲ. ಅನೇಕ ಕಡೆ ಎರಡು ಮೂರು ಊರುಗಳು ಕೂಡಿದ ಪ್ರದೇಶವಷ್ಟೆ. ಬಹುತೇಕ ಕಡೆಗಳಲ್ಲಿ ಆ ಊರವರೇ ಮತ ಹಾಕಿ ಶಾಲಾ ಮಂಡಳಿಯನ್ನು ಆರಿಸುತ್ತಾರೆ. ನಮ್ಮ ಸಮಾಜದ ಅನೇಕ ಮನೆಗಳ ಮೊಮ್ಮಕ್ಕಳು ಇಂದು ಅಂಥ ಶಾಲೆಗಳಲ್ಲಿ ಓದುತ್ತಿದ್ದಾರೆ; ಅಲ್ಲಿಯ ಪೌರತ್ವ ಪಡೆದ ಅವರ ತಂದೆತಾಯಿಯರು ಆ ಮತವನ್ನೂ ಚಲಾಯಿಸುತ್ತಾರೆ. ಆದುದರಿಂದ ಅಂಥ ಒಂದು ಚುನಾವಣೆಯ ಕಥೆ ನಮಗೆ ತೀರ ಹೊರಗಿನದಲ್ಲ.

ಪೆನ್ಸಿಲ್ವೇನಿಯಾ ರಾಜ್ಯದ ಯಾರ್ಕ್ ಕೌಂಟಿಯಲ್ಲಿ ಡೋವರ್ ಎಂಬ ಊರಿದೆ. ಆಗ ಅದರ ಶಾಲಾ ಜಿಲ್ಲೆಯಲ್ಲಿದ್ದ ವಿದ್ಯಾರ್ಥಿಗಳು ಸುಮಾರು 3,700. ಜನರು ಸಂಪ್ರದಾಯಸ್ಥರು, ದೈವಭಕ್ತರು. ರಿಪಬ್ಲಿಕನ್ ಪಕ್ಷಕ್ಕೆ ಒಲಿದ ಸೀಮೆ. ಶಾಲಾ ಮಂಡಳಿಯಲ್ಲಿ 9 ಮಂದಿ ಸದಸ್ಯರು. ಅವರಿಗೆ ಸಂಬಳವಿಲ್ಲ. ಆದರೆ ಶಾಲೆಗಾಗಿ ಊರವರ ಮೇಲೆ ತೆರಿಗೆ ಹಾಕುವ, ಪಠ್ಯಪುಸ್ತಕಗಳಿಗೆ ಒಪ್ಪಿಗೆ ಕೊಡುವ ಅಧಿಕಾರ ಅವರದು.

2004ರ ಅಕ್ಟೋಬರ್ 18ರಂದು ಆ ಮಂಡಳಿ 6-3 ಮತಗಳಿಂದ ಒಂದು ನಿರ್ಣಯ ಕೈಗೊಂಡಿತು. ಒಂಬತ್ತನೆಯ ತರಗತಿಯ ಜೀವಶಾಸ್ತ್ರದಲ್ಲಿ ಡಾರ್ವಿನ್ನನ ವಿಕಾಸವಾದದ ಕೊರತೆಗಳನ್ನೂ, ಅದಕ್ಕೆ ಬದಲಾಗಿ 'ಇಂಟೆಲಿಜೆಂಟ್ ಡಿಸೈನ್' ಎಂಬ ವಾದವನ್ನೂ ಮಕ್ಕಳ ಗಮನಕ್ಕೆ ತರಬೇಕೆಂಬುದು ಅದರ ಸಾರ. ಜೀವಜಗತ್ತಿನ ಹಿಂದೆ ಬುದ್ಧಿಯುಳ್ಳ ಒಬ್ಬ ನಿರ್ಮಾಪಕನಿದ್ದಾನೆ ಎಂಬುದೇ ಆ ವಾದ. ವಿರೋಧಿಸಿದ ಮೂವರಲ್ಲಿ ಇಬ್ಬರು ಗಂಡಹೆಂಡಿರು; ಅವರು ಆ ರಾತ್ರಿಯೇ ರಾಜೀನಾಮೆಯಿತ್ತು ಹೊರನಡೆದರು. ಮಕ್ಕಳ ಮುಂದೆ ಓದಲೆಂದು ಮಂಡಳಿ ಒಂದು ಸಣ್ಣ ಹೇಳಿಕೆಯನ್ನು ಸಿದ್ಧಪಡಿಸಿತು. ವಿಜ್ಞಾನ ಶಿಕ್ಷಕರು ಅದನ್ನು ಓದಲು ಒಪ್ಪಲಿಲ್ಲ. 2005ರ ಜನವರಿಯಲ್ಲಿ ಆಡಳಿತಾಧಿಕಾರಿಗಳೇ ತರಗತಿಗೆ ಬಂದು ಓದಿ ಹೋದರು. ಅಷ್ಟರಲ್ಲಿ 11 ಮಂದಿ ಪೋಷಕರು ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿದ್ದರು. ಅವರೆಲ್ಲರೂ ನಾಸ್ತಿಕರೆಂದು ಭಾವಿಸಬಾರದು. ಚರ್ಚಿನಲ್ಲಿ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತಿದ್ದವರೂ ಅವರಲ್ಲಿದ್ದರು.

ಸಣ್ಣ ಊರಿನಲ್ಲಿ ಇಂಥ ಜಗಳ ಎಷ್ಟು ಕಹಿಯಾದುದೆಂಬುದನ್ನು ಹಳ್ಳಿಯಲ್ಲಿ ಬಾಳಿದ ನಮಗೆ ಯಾರೂ ಹೇಳಬೇಕಾಗಿಲ್ಲ. ದಿನವೂ ಮುಖ ನೋಡುವವರು ಎರಡು ಪಕ್ಷಗಳಾಗಿ ಹಂಚಿಹೋದರು. 2005ರ ನವೆಂಬರ್ 4ರಂದು ವಿಚಾರಣೆ ಮುಗಿಯಿತು. ತೀರ್ಪು ಇನ್ನೂ ಬಂದಿರಲಿಲ್ಲ. ನಾಲ್ಕೇ ದಿನಗಳ ತರುವಾಯ, ನವೆಂಬರ್ 8ರಂದು, ಶಾಲಾ ಮಂಡಳಿಯ ಚುನಾವಣೆ. ಒಂಬತ್ತರಲ್ಲಿ ಎಂಟು ಸ್ಥಾನಗಳಿಗೆ 16 ಮಂದಿ ಸ್ಪರ್ಧಿಗಳು: ಎಂಟು ಮಂದಿ ಹಾಲಿ ಸದಸ್ಯರು, ಎಂಟು ಮಂದಿ ಅವರ ಎದುರಾಳಿಗಳು. ಎದುರಾಳಿಗಳ ಗುಂಪಿನಲ್ಲಿ ಎರಡೂ ಪಕ್ಷಗಳ ಜನರಿದ್ದರು. ವಿಜ್ಞಾನದ ತರಗತಿಯಲ್ಲಿ ವಿಜ್ಞಾನವನ್ನಷ್ಟೇ ಕಲಿಸೋಣ ಎಂಬ ವಿಷಯದಲ್ಲಿ ಅವರು ಒಂದಾಗಿದ್ದರು.

ಎಂಟು ಮಂದಿ ಹಾಲಿ ಸದಸ್ಯರೂ ಸೋತರು. ಅಂತರ ದೊಡ್ಡದಾಗಿರಲಿಲ್ಲ, ಊರಿನ ಸುಮಾರು ಅರ್ಧದಷ್ಟು ಮತ ಸೋತವರಿಗೂ ಬಿದ್ದಿತ್ತು. ಆದರೆ ಹದಿನಾರು ಮಂದಿಯಲ್ಲಿ ಅತ್ಯಂತ ಕಡಿಮೆ ಮತ ಪಡೆದವರು ಈ ಧೋರಣೆಗೆ ಮುಖ್ಯ ಪ್ರೇರಕರಾಗಿದ್ದವರೇ. ಮರುವಾರವೂ ಕಳೆಯುವ ಮುನ್ನ ಹೆಸರಾಂತ ಧರ್ಮಬೋಧಕರಾದ ಪ್ಯಾಟ್ ರಾಬರ್ಟ್‌ಸನ್ ದೂರದರ್ಶನದಲ್ಲಿ ಡೋವರ್ ಜನರನ್ನು ಉದ್ದೇಶಿಸಿ, ನೀವು ದೇವರನ್ನು ಊರಿನಿಂದ ಹೊರಗಟ್ಟಿದ್ದೀರಿ, ನಾಳೆ ವಿಪತ್ತು ಬಂದರೆ ಅವನನ್ನು ಕೂಗಬೇಡಿ ಎಂಬರ್ಥದ ಮಾತಾಡಿದರು.

ಡೋವರ್ ಜನ ನಿಜವಾಗಿ ದೇವರನ್ನು ಹೊರಗಟ್ಟಿದರೆ? ಮತಪತ್ರದಲ್ಲಿ ಕಾರಣ ಬರೆಯಲು ಜಾಗವಿರುವುದಿಲ್ಲ. ಕೆಲವರಿಗೆ ವಿಜ್ಞಾನದ ಕಾಳಜಿ, ಕೆಲವರಿಗೆ ವ್ಯಾಜ್ಯದ ಖರ್ಚಿನ ಭಯ, ಮತ್ತೆ ಕೆಲವರಿಗೆ ಊರಿನ ಹೆಸರು ಬೀದಿಗೆ ಬಂದುದರ ಬೇಸರ ಇದ್ದೀತು. ಆದರೆ ಹಿಂದಿನಂತೆ ಮರುದಿನವೂ ಪ್ರಾರ್ಥಿಸುವ ಜನರೇ ಅಂದು ಹೀಗೆ ಮತ ಹಾಕಿದರು. ದೇವರ ಮೇಲಿನ ನಂಬಿಕೆ ಬೇರೆ, ಆ ನಂಬಿಕೆಯನ್ನು ಅಧಿಕಾರದ ಬಲದಿಂದ ಎಲ್ಲರ ಮಕ್ಕಳ ಪಾಠದೊಳಗೆ ಸೇರಿಸುವುದು ಬೇರೆ ಎಂಬ ವಿವೇಕ ಅವರಲ್ಲಿತ್ತು.

ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ ಅವರು 139 ಪುಟಗಳ ತೀರ್ಪು ನೀಡಿದರು. ಅವರೂ ರಿಪಬ್ಲಿಕನ್ನರು, ಅಧ್ಯಕ್ಷ ಬುಷ್ ಅವರಿಂದ ನೇಮಕಗೊಂಡವರು. ಈ ವಾದ ವಿಜ್ಞಾನವಲ್ಲ, ಮಂಡಳಿಯ ಧೋರಣೆ ಸಂವಿಧಾನಬಾಹಿರ ಎಂದು ಅವರು ಸಾರಿದರು. ಧರ್ಮಶ್ರದ್ಧೆಯನ್ನು ಸಾರ್ವಜನಿಕವಾಗಿ ಹೇಳಿಕೊಂಡ ಕೆಲವು ಸದಸ್ಯರೇ ಸತ್ಯವನ್ನು ಮರೆಮಾಚಿದರೆಂದೂ ಖೇದದಿಂದ ಬರೆದರು. ಹೊಸ ಮಂಡಳಿ ಮೇಲ್ಮನವಿಗೆ ಹೋಗಲಿಲ್ಲ. ಆದರೂ 2006ರಲ್ಲಿ ವ್ಯಾಜ್ಯದ ವೆಚ್ಚವೆಂದು ಹತ್ತು ಲಕ್ಷ ಡಾಲರುಗಳಿಗೂ ಮಿಕ್ಕ ಹಣ ಕೊಡಲು ಶಾಲಾ ಜಿಲ್ಲೆ ಒಪ್ಪಬೇಕಾಯಿತು. ಹಳೆಯವರ ಹಟಕ್ಕೆ ಊರು ದಂಡ ತೆತ್ತಿತು.

ಈಗ ನಮ್ಮ ಮನೆಯ ಮಾತು. 2022ರಲ್ಲಿ ನಮ್ಮ ರಾಜ್ಯದ ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಬಸವಣ್ಣನವರ ಪಾಠ ಪರಿಷ್ಕರಣೆಗೊಂಡಾಗ ನಮ್ಮ ಸಮಾಜ ನೊಂದುಕೊಂಡಿತು. ಉಪನಯನದ ಪ್ರಸ್ತಾಪ ಬಂದಿತ್ತೇ ಹೊರತು ಅವರು ಜನಿವಾರವನ್ನು ತ್ಯಜಿಸಿದ ಸಂಗತಿ ಕಾಣೆಯಾಗಿತ್ತು. ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿಯವರು ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಇತರ ಮಠಾಧೀಶರೂ ದನಿಗೂಡಿಸಿದರು. ಸರಕಾರ ಪಾಠವನ್ನು ತಿದ್ದಲು ಒಪ್ಪಿತು. ನಮ್ಮ ಬೇಡಿಕೆ ನ್ಯಾಯವಾದುದೇ. ಆದರೆ ಅಂದು ತಂದೆತಾಯಿಯರ ಕೈಯಲ್ಲಿ ಮನವಿಪತ್ರವಿತ್ತೇ ಹೊರತು ಮತವಿರಲಿಲ್ಲ.

ಒಂದು ವೇಳೆ ಆ ಮತ ನಮ್ಮ ಕೈಗೆ ಬಂದರೆ ಅದನ್ನು ಹೇಗೆ ಬಳಸಿಯೇವು? ಇತಿಹಾಸ ಇತಿಹಾಸವಾಗಿಯೇ ಇರಲೆಂದು ಬಯಸುವ ನಾವು, ನಮಗೆ ಪ್ರಿಯವಾದ ನಂಬಿಕೆಯೊಂದು ವಿಜ್ಞಾನದ ಪುಸ್ತಕಕ್ಕೆ ನುಸುಳಿದಾಗಲೂ ಅಷ್ಟೇ ಖಂಡಿತವಾಗಿ ಬೇಡವೆಂದೇವೇ? ನಮ್ಮ ಮನೆಗಳಲ್ಲಿ ಇಷ್ಟಲಿಂಗ ಪೂಜೆಯುಂಟು, ಮಠಗಳಲ್ಲಿ ವಚನಪಾಠವುಂಟು. ಧರ್ಮದ ಸಂಸ್ಕಾರ ಕೊಡುವ ಹೊಣೆ ಅವುಗಳದು. ಎಲ್ಲ ಜಾತಿ ಮತಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುವ ಸರಕಾರಿ ಶಾಲೆಗೆ ಬೇರೆ ಹೊಣೆಯಿದೆ. ಪ್ರಶ್ನೆ ಕೇಳುವುದನ್ನೇ ಸಾಧನೆಯಾಗಿಸಿಕೊಂಡ ಅನುಭವ ಮಂಟಪದ ವಾರಸುದಾರರಿಗೆ ಈ ಭೇದ ತಿಳಿಯದೆ ಹೋಗಬಾರದು.

ನಮ್ಮ ಕೈಗೆ ಏನೂ ಬಂದಿಲ್ಲವೆನ್ನುವಂತೆಯೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಸರಕಾರಿ ಶಾಲೆಗಳಿಗೂ ಅನುದಾನಿತ ಶಾಲೆಗಳಿಗೂ ಒಂದು ಸಮಿತಿ ಇರಬೇಕು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರು. ನಮ್ಮ ಸರಕಾರಿ ಶಾಲೆಗಳಲ್ಲಿ ಇದನ್ನೇ ಎಸ್.ಡಿ.ಎಂ.ಸಿ. ಎನ್ನುತ್ತೇವೆ. ಪಠ್ಯಪುಸ್ತಕದ ಅಧಿಕಾರ ಅದಕ್ಕಿಲ್ಲ, ನಿಜ. ಆದರೆ ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನದ ವಿನಿಯೋಗವನ್ನು ನೋಡಿಕೊಳ್ಳುವುದು ಅದರ ಕೆಲಸ. ಆ ಸಭೆಯ ದಿನ ಹೊಲದ ಕೆಲಸವೆಂದೋ, ಗಂಡಸರು ಹೋಗುತ್ತಾರೆಂದೋ ನಾವು ಮನೆಯಲ್ಲಿ ಉಳಿದರೆ ಊರಿನ ಇಬ್ಬರು ಮೂವರು ಕುಳಿತು ಎಲ್ಲವನ್ನೂ ತೀರ್ಮಾನಿಸುತ್ತಾರೆ. ಆಮೇಲೆ ಅವರನ್ನು ದೂಷಿಸುತ್ತ ಕೂಡುವುದು ನಮ್ಮ ಪಾಲಿಗೆ ಉಳಿಯುತ್ತದೆ.

ಡೋವರ್ ಜನರೂ ಮೊದಲು ಹಾಗೆಯೇ ಇದ್ದಿರಬೇಕು. ಮಂಡಳಿಯ ಆ ಸದಸ್ಯರೂ ಅವರ ಮತದಿಂದಲೇ ಬಂದವರಲ್ಲವೇ? ತಪ್ಪು ಮನದಟ್ಟಾದಾಗ ಅವರು ನೆರೆಮನೆಯವರ ಮುಖದಾಕ್ಷಿಣ್ಯವನ್ನು ಬದಿಗಿಟ್ಟು ಮತಗಟ್ಟೆಗೆ ನಡೆದರು. ಈ ಲೇಖನ ಓದುವ ತಾಯಂದಿರು ಮುಂದಿನ ಸಾರಿ ಶಾಲೆಯಿಂದ ಸಭೆಯ ಚೀಟಿ ಬಂದಾಗ ಅದನ್ನು ಮಕ್ಕಳ ಚೀಲದಲ್ಲೇ ಬಿಡದೆ ಓದಲಿ, ಸಭೆಗೆ ಹೋಗಲಿ, ಕೇಳಬೇಕಾದುದನ್ನು ಕೇಳಲಿ. ನಮ್ಮ ಮಕ್ಕಳಿಗಾಗಿ ಮಾಡಬೇಕಾದ ಕಾಯಕಗಳಲ್ಲಿ ಅದೂ ಒಂದು.