ಎದುರಿನವರು ಹೇಳಿದ್ದೇನು?

ಮಕ್ಕಳೇ, ಹೋದ ತಿಂಗಳು ವೈಟ್‌ಫೀಲ್ಡ್‌ನಲ್ಲಿ ನಾವು ಹೊಸ ಫ್ಲ್ಯಾಟಿಗೆ ಬಂದೆವು. ಹಾಲ್‌ನಲ್ಲಿ ಇನ್ನೂ ಸೋಫಾ ಇಲ್ಲ, ಕಿಟಕಿಗೆ ಕರ್ಟನ್ ಇಲ್ಲ. ಆ ತುದಿಯಿಂದ ಮೊಮ್ಮಗಳು ಏನೋ ಹೇಳಿದಳು, ನನಗೆ ತಿಳಿಯಲಿಲ್ಲ. ಕಿರುಚಿ ಹೇಳಿದಳು, ಆಗಲೂ ತಿಳಿಯಲಿಲ್ಲ. "ತಾತಂಗೆ ಕಿವಿ ಹೋಯ್ತು" ಎಂದು ಮಗ ನಕ್ಕ. ನನಗೆ ಬೇಸರವಾಯಿತು. ಕೇಳಿಸುತ್ತಿತ್ತು, ಆದರೆ ಒಂದು ಮಾತಿನ ಪ್ರತಿಧ್ವನಿ ಮುಂದಿನ ಮಾತಿನ ಮೇಲೆ ಬೀಳುತ್ತಿತ್ತು. ಕಿರುಚಿದರೆ ಪ್ರತಿಧ್ವನಿಯೂ ಜೋರಾಗುತ್ತದೆ, ಅಷ್ಟೆ.

ಮೊಬೈಲಿಗೂ ಇದೇ ಕಷ್ಟ. ಟವರ್‌ನಿಂದ ಹೊರಟ ರೇಡಿಯೊ ಅಲೆ ನೇರವಾಗಿಯೂ ಬರುತ್ತದೆ, ಇಲ್ಲಿನ ಎತ್ತರದ ಕಟ್ಟಡಗಳಿಗೆ ಬಡಿದು ಸುತ್ತಿಕೊಂಡೂ ಬರುತ್ತದೆ. ತಡವಾಗಿ ಬಂದದ್ದು ಮುಂದಿನದರೊಂದಿಗೆ ಕಲಸಿಹೋಗುತ್ತದೆ. ಇದಕ್ಕೆ 2ಜಿ ಫೋನಿನಲ್ಲಿ ಒಂದು ಉಪಾಯವಿದೆ. ಸೊನ್ನೆ, ಒಂದುಗಳ 148 ಬಿಟ್‌ಗಳ ಕಂತಿನ ನಡುವೆ 26 ಬಿಟ್‌ಗಳು ಎರಡೂ ಕಡೆಗೆ ಮೊದಲೇ ಗೊತ್ತಿರುವ ಪಾಠ. ಆ ಪಾಠ ಹೇಗೆ ಕೆಟ್ಟು ಬಂತು ಎಂದು ನೋಡಿ ಫೋನು ಉಳಿದದ್ದನ್ನೂ ತಿದ್ದಿಕೊಳ್ಳುತ್ತದೆ.

ಪಾಠವೇ ಇಲ್ಲದಿದ್ದರೆ? ಒಂದು ಕಂಪ್ಯೂಟರು ಅನೇಕ ಊರುಗಳಿಗೆ ಒಟ್ಟಿಗೆ ಸುದ್ದಿ ಕಳಿಸುತ್ತಿದೆ ಎನ್ನಿ. ಒಂದು ಊರಿನ ಯಂತ್ರ ನಿಂತು ಮತ್ತೆ ಶುರುವಾಯಿತು. ಅದೊಂದಕ್ಕಾಗಿ ಎಲ್ಲರನ್ನೂ ನಿಲ್ಲಿಸಿ ಪಾಠ ಹೇಳುವುದೇ? ಬೇಡ ಎಂದು 1975ರಲ್ಲಿ ಜಪಾನಿನ ಯೋಯಿಚಿ ಸಾಟೊ, 1980ರಲ್ಲಿ ಫ್ರಾನ್ಸಿನಲ್ಲಿ ಐಬಿಎಂನ ಡೊಮಿನಿಕ್ ಗೊಡಾರ್ ದಾರಿ ತೋರಿಸಿದರು. ಇದಕ್ಕೆ 'ಬ್ಲೈಂಡ್ ಈಕ್ವಲೈಸೇಶನ್' ಎಂದು ಹೆಸರು.

ಇದು ಬ್ಯಾಂಕಿನವನಿಗೆ ಬೇಗ ಅರ್ಥವಾಗುವ ವಿಷಯ. ಸಂಜೆ ಲೆಕ್ಕ ಟ್ಯಾಲಿ ಆಗದಿದ್ದಾಗ ಯಾವ ಎಂಟ್ರಿ ತಪ್ಪಿದೆಯೆಂದು ನಮಗೆ ಗೊತ್ತಿರುತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ನಿಯಮ: ಡೆಬಿಟ್, ಕ್ರೆಡಿಟ್ ಸಮ ಬರಬೇಕು. ವ್ಯತ್ಯಾಸವು 9ರಿಂದ ಭಾಗವಾದರೆ, ಯಾರೋ 54ನ್ನು 45 ಎಂದು ಬರೆದಿರಬಹುದೆಂದು ಹುಡುಕುತ್ತಿದ್ದೆವು.

ಆ ಯಂತ್ರಕ್ಕೂ ಕಳಿಸಿದ ಸುದ್ದಿ ಏನೆಂದು ತಿಳಿಯದು. ಕೆಲವು ಬಗೆಯ ಸಂದೇಶಗಳಲ್ಲಿ ಸಂಕೇತಗಳೆಲ್ಲ ಒಂದೇ ಬಲದಲ್ಲಿ ಹೊರಟಿರುತ್ತವೆ. ಅದಕ್ಕೆ ಗೊತ್ತಿರುವುದು ಅಷ್ಟೇ. ಬಂದವುಗಳಲ್ಲಿ ಒಂದು ಜೋರು, ಒಂದು ಮೆಲ್ಲಗೆ ಇದ್ದರೆ ಎಲ್ಲೋ ಪ್ರತಿಧ್ವನಿ ಬೆರೆತಿದೆ ಎಂದುಕೊಳ್ಳುತ್ತದೆ. ತನ್ನ ಲೆಕ್ಕವನ್ನು ಚೂರು ತಿದ್ದುತ್ತದೆ, ಮತ್ತೆ ನೋಡುತ್ತದೆ, ಮತ್ತೆ ತಿದ್ದುತ್ತದೆ. ಪಾಠ ಇದ್ದಾಗಿನಷ್ಟು ಬೇಗ ಇದು ಆಗುವುದಿಲ್ಲ. ತಾಳ್ಮೆ ಬೇಕು.

ಕೊನೆಗೆ ಮೊಮ್ಮಗಳು ಹತ್ತಿರ ಬಂದು ಮೆಲ್ಲಗೆ, ಬಿಡಿಸಿ ಹೇಳಿದಳು: "ತಾತ, ನಿಮ್ಮ ರೂಮಿನ ಕಿಟಕಿಯಿಂದ ರೈಲು ಕಾಣುತ್ತೆ!" ಒಂದು ಪದವೂ ತಪ್ಪಲಿಲ್ಲ. ಆದ್ದರಿಂದ ಮಕ್ಕಳೇ, ಅಜ್ಜ-ಅಜ್ಜಿಗೆ ಮಾತು ತಿಳಿಯದಿದ್ದರೆ ಕಿರುಚಬೇಡಿ, ಹತ್ತಿರ ಹೋಗಿ.

ಈ ವಾರದ ಲೆಕ್ಕ: ಬೇರೆ ಬೇರೆ ಅಂಕಿಗಳಿರುವ ಯಾವುದಾದರೂ ಎರಡಂಕಿ ಸಂಖ್ಯೆ ಬರೆಯಿರಿ. ಅದನ್ನು ತಿರುವಿ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉತ್ತರ ಯಾವಾಗಲೂ 9ರಿಂದ ಭಾಗವಾಗುತ್ತದೆ. ಏಕೆ? ತಾತನ ಜೊತೆ ಕೂತು ಯೋಚಿಸಿ.